ಕಿರಣಚಿಕಿತ್ಸೆಯೂ ರೋಗಿಯ ಚರ್ಮವೂ

ಕ್ಯಾನ್ಸರಿಗೆ ಕಿರಣಚಿಕಿತ್ಸೆಯೆಂದೊಡನೆ ಮೈ ಸುಟ್ಟುಹೋಗುವುದೆಂಬ ಮಾತನ್ನು ನಾವು ಕೇಳುತ್ತೇವೆ. ಈ ಭೀತಿಯಿಂದ ಚಿಕಿತ್ಸೆಯನ್ನು ನಡುವೆ ತೊರೆದರೆ ರೋಗಕ್ಕೇ ಬಲ ಬರುವುದು. ಭೀತಿಗೆ ಮೂಲವೇನು, ಅದು ತಗ್ಗಿದುದು ಹೇಗೆ ಎಂಬುದನ್ನು ಚರಿತ್ರೆಯಿಂದ ತಿಳಿಯೋಣ.

ರಾಂಟ್‌ಗೆನ್ ಎಂಬ ಜರ್ಮನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುದು 1895ರಲ್ಲಿ. ಮರುವರ್ಷವೇ ಅವು ಚಿಕಿತ್ಸೆಗೆ ಬಂದುವು. ಬಳಸಿದವರ ಕೈಗಳಲ್ಲಿ ಹುಣ್ಣುಗಳೂ ಎದ್ದುವು. 1901ರಲ್ಲಿ ಬೆಕೆರೆಲ್ಲನು ರೇಡಿಯಂ ನಳಿಕೆಯನ್ನು ಜೇಬಿನಲ್ಲಿಟ್ಟುಕೊಂಡಿದ್ದುದರಿಂದ ಅವನ ಚರ್ಮ ಬೆಂದಿತು. ಪಿಯೆರ್ ಕ್ಯೂರಿಯು ಬೇಕೆಂದೇ ತನ್ನ ತೋಳಿಗೆ ರೇಡಿಯಂ ತಾಗಿಸಿಕೊಂಡು ಪರೀಕ್ಷಿಸಿದನು. ಚರ್ಮವನ್ನು ಕೆಡಿಸುವ ಶಕ್ತಿಯೇ ರೋಗದ ಗಡ್ಡೆಯನ್ನೂ ಕರಗಿಸಬಲ್ಲದೆಂಬ ನಂಬಿಕೆ ಇದರಿಂದ ಬಲಗೊಂಡಿತು.

ಆ ಕಾಲದಲ್ಲಿ ಕಿರಣವನ್ನು ಅಳೆಯಲು ಸರ್ವಸಮ್ಮತವಾದ ಮಾನವಿರಲಿಲ್ಲ. ಎಷ್ಟಕ್ಕೆ ಚರ್ಮ ಕೆಂಪಾಗುವುದೋ ಅದೇ ವೈದ್ಯರ ಲೆಕ್ಕ. ರೋಗಿಯ ಚರ್ಮವೇ ಅಳತೆಗೋಲು. 1928ರಲ್ಲಿ ಸ್ಟಾಕ್‌ಹೋಂ ಸಮ್ಮೇಳನವು 'ರಾಂಟ್‌ಗೆನ್' ಮಾನವನ್ನು ಅಂಗೀಕರಿಸಿದ ಬಳಿಕ ಆ ಭಾರವು ಚರ್ಮದಿಂದ ಇಳಿಯತೊಡಗಿತು.

ಅದೇ ಕಾಲದಲ್ಲಿ ಪ್ಯಾರಿಸಿನ ರೆಗೋ ಎಂಬ ವಿಜ್ಞಾನಿಯು ಟಗರುಗಳ ಮೇಲೆ ಪ್ರಯೋಗ ನಡೆಸಿದನು. ಅವುಗಳ ಬೀಜೋತ್ಪತ್ತಿಯನ್ನು ನಿಲ್ಲಿಸಬೇಕಾದಷ್ಟು ಕಿರಣವನ್ನು ಒಮ್ಮೆಗೇ ಕೊಟ್ಟರೆ ಮೇಲಣ ಚರ್ಮ ಕೆಡುತ್ತಿತ್ತು. ಹಲವು ದಿನಗಳಿಗೆ ಹಂಚಿಕೊಟ್ಟರೆ ಉದ್ದೇಶ ನೆರವೇರಿ ಚರ್ಮವೂ ಉಳಿಯುತ್ತಿತ್ತು. ನಡುವಣ ಬಿಡುವಿನಲ್ಲಿ ಆರೋಗ್ಯವಾದ ಕೋಶಗಳು ಚೇತರಿಸಿಕೊಳ್ಳುವುವು. ಅವನ ಸಹೋದ್ಯೋಗಿ ಕುತಾರನು ಈ ಕ್ರಮವನ್ನು ಗಂಟಲಿನ ಕ್ಯಾನ್ಸರಿಗೆ ಅನ್ವಯಿಸಿದನು. ಇಂದು ಚಿಕಿತ್ಸೆಯು ವಾರಗಟ್ಟಲೆ ನಡೆಯುವುದರ ಮರ್ಮ ಇದೇ.

1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ಬಳಕೆಗೆ ಬಂದಿತು. ಹಳೆಯ ಕ್ಷ-ಕಿರಣಗಳ ಪೂರ್ಣಬಲವು ಚರ್ಮದ ಮೇಲೆಯೇ ಬೀಳುತ್ತಿದ್ದಿತು. ಕೋಬಾಲ್ಟಿನದು ಸುಮಾರು 5 ಮಿಲಿಮೀಟರ್ ಒಳಗೆ. ಅನಂತರದ ಯಂತ್ರಗಳ ಕಿರಣಗಳು ಇನ್ನೂ ಆಳವನ್ನು ಮುಟ್ಟಿದುವು.

ಆದರೂ ಚರ್ಮಬಾಧೆಯು ಪೂರ್ತಿಯಾಗಿ ನೀಗಿಲ್ಲ. ಸ್ತನ, ಕತ್ತು, ಕಂಕುಳುಗಳಲ್ಲಿ ಕೆಂಪು, ತುರಿಕೆ, ಸಿಪ್ಪೆಯೇಳುವುದು ಈಗಲೂ ಉಂಟು. ಹಿಂದೆ ಆ ಭಾಗಕ್ಕೆ ನೀರನ್ನೇ ಸೋಕಿಸಬಾರದೆನ್ನುತ್ತಿದ್ದರು. ಮೃದುವಾದ ಸಾಬೂನಿನಿಂದ ತೊಳೆದರೆ ಕೆಡುಕಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರಸುವುದು, ಸಡಿಲವಾದ ಹತ್ತಿಯ ಉಡುಪು, ಬಿಸಿಲಿನಿಂದ ಮರೆ: ಇಷ್ಟು ರೋಗಿಯ ಕೈಯಲ್ಲೇ ಇದೆ. ಉರಿಯೂತವನ್ನು ತಗ್ಗಿಸುವ ಮುಲಾಮನ್ನು ವೈದ್ಯರೇ ಕೊಡಬೇಕು; ಕಂಡವರು ಹೇಳಿದ ಲೇಪವನ್ನು ಹಚ್ಚಲಾಗದು.

ಚರ್ಮ ಕೆಂಪಾದೊಡನೆ ಆಸ್ಪತ್ರೆಯನ್ನು ಬಿಡದೆ, ಅಲ್ಲಿಯೇ ತೋರಿಸುವುದು ವಿವೇಕ. ಬೆಕೆರೆಲ್ಲನ ಕಾಲದ ಭಯವನ್ನು ನಾವು ಇಂದಿನ ಚಿಕಿತ್ಸೆಯ ಮೇಲೆ ಹೊರಿಸಬೇಕಾಗಿಲ್ಲ.