ಮೂವತ್ತು ದಿನದ ಹಡಗು, ಹದಿನೈದು ವರ್ಷದ ಲೋನು

ಜುಲೈ-ಆಗಸ್ಟ್ ಬಂತೆಂದರೆ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ತಪ್ಪದೆ ಬರುತ್ತದೆ: "ಲಗೇಜ್ ತೂಗೋ ತಕ್ಕಡಿ ಯಾರ ಹತ್ರ ಇದೆ?" ಆ ಒಂದು ತಕ್ಕಡಿ ಎರಡು ತಿಂಗಳು ಮನೆಯಿಂದ ಮನೆಗೆ ಓಡಾಡುತ್ತದೆ. 23 ಕಿಲೋದ ಎರಡು ಸೂಟ್‌ಕೇಸು, ಒಂದರಲ್ಲಿ ಕುಕ್ಕರ್, ಇನ್ನೊಂದರಲ್ಲಿ ಸಾರಿನ ಪುಡಿ, ಚಟ್ನಿಪುಡಿ. ಮಗನೋ ಮಗಳೋ ಎಂ.ಎಸ್. ಮಾಡೋಕೆ ಹೊರಟಿರುತ್ತಾರೆ. ಹೊರಟ ಮಾರನೇ ದಿನ ಲಿಫ್ಟಿನಲ್ಲಿ ಯಾರಾದರೂ ಹಿರಿಯರು ಆ ಮಾತು ಹೇಳಿಯೇ ಹೇಳುತ್ತಾರೆ: "ಆಗಿನವರು ಓದಿ ವಾಪಸ್ ಬರ್ತಿದ್ರು. ಈಗಿನವರು ಬರಲ್ಲ ಬಿಡಿ."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅದಕ್ಕೇ, ಆಗಿನವರು ಅಂದರೆ ಯಾರು, ಹೇಗೆ ಹೋದರು, ಯಾಕೆ ಬಂದರು ಅಂತ ಕೆದಕಿ ನೋಡೋಣ ಅನ್ನಿಸಿತು.

ಮೊದಲಿಗೆ ಹೋಗುವುದೇ ಕಷ್ಟವಿತ್ತು. ಸಮುದ್ರ ದಾಟಿದರೆ ಜಾತಿ ಕೆಟ್ಟಿತು ಅನ್ನುವ ಕಾಲ ಅದು. 1888ರಲ್ಲಿ ಬ್ಯಾರಿಸ್ಟರ್ ಓದಲು ಹೊರಟ ಗಾಂಧಿಗೆ ಬೊಂಬಾಯಿಯಲ್ಲಿ ಅವರ ಜಾತಿಯವರೇ ಬಹಿಷ್ಕಾರ ಹಾಕಿದ್ದರು. ಐವತ್ತು ವರ್ಷ ಕಳೆಯುವ ಹೊತ್ತಿಗೆ ಬಿಗಿ ಸಡಿಲವಾಗಿತ್ತು. ಸಮುದ್ರವೇ ಇಲ್ಲದ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಇಂಗ್ಲಿಷ್ ಸಾಹಿತ್ಯದಲ್ಲಿ ಫಸ್ಟ್ ಕ್ಲಾಸ್ ಪಡೆದು 1938ರಲ್ಲಿ ಮರಳಿದರು. ಪ್ರವಾಸ ಕಥನ 'ಸಮುದ್ರದಾಚೆಯಿಂದ', ಕವಿತೆಗಳ 'ಸಮುದ್ರ ಗೀತೆಗಳು' ಎರಡೂ ಆ ಪಯಣದ ಫಲ. ಕನ್ನಡಕ್ಕೆ ಹೊಸ ಥರದ ಕಾವ್ಯ ಬರೋಕೆ ಹಡಗಿನ ಡೆಕ್ಕೂ ಒಂದು ಕಾರಣ ಅಂದರೆ ತಪ್ಪಾಗಲಾರದು. ಇಪ್ಪತ್ತು ಗಂಟೆಯ ಫ್ಲೈಟಿನಲ್ಲಿ ಎರಡು ಸಿನಿಮಾ ನೋಡಿ ಮಲಗುವ ನಮಗೆ ಅಂಥ ಪುರುಸೊತ್ತೆಲ್ಲಿ?

ಆದರೆ ಇಂಜಿನಿಯರ್ ಆದ ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ರಾಜೇಶ್ವರಿ ಚಟರ್ಜಿಯವರ ಕಥೆ. ನಂಜನಗೂಡು ಮೂಲದ ಕನ್ನಡ ಕುಟುಂಬ, ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ವಿದ್ಯಾಭ್ಯಾಸಕ್ಕೆ ದುಡಿದ ಹೆಂಗಸು. ಹೆಣ್ಣುಮಕ್ಕಳು ಓದಬೇಕೋ ಬೇಡವೋ ಅನ್ನುವ ಜಗಳವನ್ನು ಆ ಮನೆಯಲ್ಲಿ ಎರಡು ತಲೆಮಾರು ಮೊದಲೇ ಮುಗಿಸಿಬಿಟ್ಟಿದ್ದರು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಅದೇ ಈಗಿನ ಐಐಎಸ್‌ಸಿ. ಹಳೇ ಬೆಂಗಳೂರಿಗರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಬಾಗಿಲಲ್ಲಿತ್ತು. ನಾಳೆ ದೇಶ ನಡೆಸೋಕೆ ತಂತ್ರಜ್ಞರು ಬೇಕಲ್ಲ, ದಿಲ್ಲಿಯ ಸರ್ಕಾರ ಚುರುಕು ವಿದ್ಯಾರ್ಥಿಗಳನ್ನು ಆರಿಸಿ ಸ್ಕಾಲರ್‌ಶಿಪ್ ಕೊಟ್ಟು ಹೊರಗೆ ಕಳಿಸತೊಡಗಿತು. 1946ರಲ್ಲಿ ಆ ಪಟ್ಟಿಯಲ್ಲಿ ರಾಜೇಶ್ವರಿಯ ಹೆಸರೂ ಬಂತು. ವಯಸ್ಸು ಇಪ್ಪತ್ತರ ಆಸುಪಾಸು, ಮದುವೆಯಾಗಿಲ್ಲ. ಮನೆಯವರು ಬೇಡ ಅನ್ನಲಿಲ್ಲ. (ಇವತ್ತು ಸರ್ಜಾಪುರದ ಎಷ್ಟು ಮನೆಗಳಲ್ಲಿ "ಮೊದ್ಲು ಮದುವೆ, ಆಮೇಲೆ ಎಂ.ಎಸ್." ಅನ್ನುವ ಮಾತು ಓಡುತ್ತಿದೆ ಅಂತ ನನಗೆ ಗೊತ್ತು.)

1947ರ ಜುಲೈನಲ್ಲಿ ಅವರು ಹತ್ತಿದ್ದು 'ಮರೀನ್ ಆ್ಯಡರ್' ಅನ್ನುವ ಹಡಗು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಲು ಇದ್ದದ್ದನ್ನೇ ಪ್ರಯಾಣಿಕರ ಹಡಗು ಮಾಡಿದ್ದರು. ಅಮೆರಿಕ ಮುಟ್ಟಲು 30 ದಿನ. ಸ್ವಲ್ಪ ಯೋಚಿಸಿ ನೋಡಿ. ಹತ್ತಿದಾಗ ಬ್ರಿಟಿಷರ ಭಾರತ, ಮಿಶಿಗನ್‌ನ ಆ್ಯನ್ ಆರ್ಬರಿನಲ್ಲಿ ಪಾಠ ಕೇಳುವ ಹೊತ್ತಿಗೆ ಸ್ವತಂತ್ರ ಭಾರತ. ಇತ್ತ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಹಾರಾಜರ ಪ್ರಜೆಯಾಗಿ ಊರು ಬಿಟ್ಟ ಹುಡುಗಿಗೆ ಅಲ್ಲಿ ಕೂತು ಪತ್ರಗಳಲ್ಲೇ ತನ್ನ ದೇಶ ಬದಲಾಗುವುದನ್ನು ಓದಬೇಕಿತ್ತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಗ್ಗರಣೆಗೆ ಏನು ಮೊದಲು ಹಾಕಬೇಕು ಅಂತ ಕೇಳುವ ಕಾಲ ಅಲ್ಲ ಅದು.

ಅಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಮಾಸ್ಟರ್ಸ್, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳ ತರಬೇತಿ. 1949ರಲ್ಲಿ ಮತ್ತೆ ಮಿಶಿಗನ್, ಈ ಸಲ ಬಾರ್ಬರ್ ಸ್ಕಾಲರ್‌ಶಿಪ್ ಮೇಲೆ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇಟ್ಟ ವಿದ್ಯಾರ್ಥಿವೇತನ ಅದು, ತಲಶ್ಶೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಓದಿದ್ದೂ ಅದರಲ್ಲೇ. 1953ರ ಶುರುವಿನಲ್ಲಿ ಪ್ರೊಫೆಸರ್ ವಿಲಿಯಂ ಡೌ ಅವರ ಕೈಕೆಳಗೆ ಪಿಎಚ್‌ಡಿ ಮುಗಿಯಿತು. ರಾಜೇಶ್ವರಿ ಬೆಂಗಳೂರಿಗೆ ವಾಪಸ್ ಬಂದರು.

ಲಿಫ್ಟಿನ ಹಿರಿಯರು ಇಲ್ಲಿಗೆ ಕಥೆ ನಿಲ್ಲಿಸಿ "ನೋಡಿದ್ರಾ, ದೇಶಪ್ರೇಮ" ಅನ್ನುತ್ತಾರೆ. ಇದ್ದೀತು, ಇಲ್ಲ ಅನ್ನೋಕೆ ನಾನ್ಯಾರು. ಆದರೆ ಪಕ್ಕದಲ್ಲೇ ಇನ್ನೂ ಮೂರು ಸಂಗತಿ ಇವೆ. ಒಂದು, ಕರಾರು. ಸರ್ಕಾರದ ದುಡ್ಡಿನಲ್ಲಿ ಹೋದವರು ಬಂದು ಸೇವೆ ಮಾಡಬೇಕಿತ್ತು. ಎರಡು, ಅಮೆರಿಕದ ಕಾನೂನು. 1917ರ ಕಾನೂನು ಏಷ್ಯಾದವರಿಗೆ ಬಾಗಿಲು ಹಾಕಿತ್ತು. 1946ರ ಲೂಸ್-ಸೆಲ್ಲರ್ ಕಾಯ್ದೆ ಅದನ್ನು ಚೂರು ತೆರೆಯಿತು. ಎಷ್ಟು ಅಂದರೆ, ನೆಲೆಸಲು ಬರುವ ಭಾರತೀಯರಿಗೆ ವರ್ಷಕ್ಕೆ 100 ಸೀಟು. ಇಡೀ ದೇಶಕ್ಕೆ ನೂರು! ಇವತ್ತು ನಮ್ಮ ಒಂದು ಟೆಕ್ ಪಾರ್ಕಿನ ಒಂದು ಮಹಡಿಯಲ್ಲಿ ಅದಕ್ಕಿಂತ ಹೆಚ್ಚು ಜನ ವೀಸಾ ಕನಸು ಕಾಣುತ್ತಿರುತ್ತಾರೆ. ಈ ಕೋಟಾ ಪದ್ಧತಿ ತೆಗೆಯುವ ಕಾನೂನು ಬಂದದ್ದು 1965ರಲ್ಲಿ. ಆಮೇಲೆ ಓದಲು ಹೋದವರಿಗೆ ಉಳಿಯುವ ದಾರಿ ಅಗಲವಾಯಿತು. ಮೂರನೆಯದು, ಕಾಯುತ್ತಿದ್ದ ಕುರ್ಚಿ. ಬಂದವರಿಗೆ ಇಲ್ಲಿ ಓದಿಗೆ ತಕ್ಕ ಕೆಲಸವಿತ್ತು.

ಕುರ್ಚಿ ಎಲ್ಲರಿಗೂ ಕಾಯುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1913ರಲ್ಲಿ ಬರೋಡಾ ಸಂಸ್ಥಾನದ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಸ್ಕಾಲರ್‌ಶಿಪ್ಪಿನಲ್ಲಿ ಕೊಲಂಬಿಯಾಕ್ಕೆ ಹೋದವರು ಅಂಬೇಡ್ಕರ್. ಅವರೂ ಕರಾರಿನಂತೆ 1917ರಲ್ಲಿ ಬರೋಡಾಕ್ಕೆ ಬಂದರು. ಇರಲು ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಗುರುತು ಮುಚ್ಚಿಟ್ಟು ಇದ್ದವರನ್ನು ದೊಣ್ಣೆ ಹಿಡಿದು ಬಂದ ಗುಂಪು ಹೊರಹಾಕಿತು. "ಆಗಿನವರು ವಾಪಸ್ ಬರ್ತಿದ್ರು" ಅನ್ನುವಾಗ ಯಾವ ಊರಿಗೆ, ಯಾವ ಬೀದಿಗೆ ಬರ್ತಿದ್ರು ಅಂತಲೂ ಕೇಳಬೇಕಾಗುತ್ತದೆ.

ಬಂದವರು, ಉಳಿದವರು ಅಂತ ಗೆರೆ ಎಳೆದು ಪಾಸು-ಫೇಲು ಮಾಡುವುದೂ ಸುಲಭವಲ್ಲ. ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರು ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ಪಿನಲ್ಲಿ 1963ರಿಂದ 66ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ದಿನವಿಡೀ ಇಂಗ್ಲಿಷ್ ಮಾತಾಡಿ ಸುಸ್ತಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆನ್‌ಸೈಟ್ ಹೋದ ಹಳ್ಳಿ ಹುಡುಗರಿಗೆ ಈ ಸುಸ್ತು ಏನೂಂತ ವಿವರಿಸಬೇಕಿಲ್ಲ. ಅಲ್ಲೊಮ್ಮೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ನೋಡಿದರು, ಸಬ್‌ಟೈಟಲ್ ಇರಲಿಲ್ಲ. ಪ್ಲೇಗು ಬಡಿದ ಮಧ್ಯಯುಗದ ಯುರೋಪಿನ ಕಥೆ. ಯುರೋಪಿನವನು ಆ ಕಾಲವನ್ನು ಓದಿ ಕಟ್ಟಿಕೊಳ್ಳಬೇಕು, ನಿಮ್ಮಲ್ಲಾದರೆ ಅದು ಇನ್ನೂ ಜೀವಂತ ಇದೆಯಲ್ಲ ಅನ್ನುವ ಅರ್ಥದ ಮಾತು ಅವರ ಗೈಡ್ ಮಾಲ್ಕಮ್ ಬ್ರಾಡ್‌ಬರಿಯಿಂದ ಬಂತು. ಪ್ಲೇಗು ಬಡಿದ ಮಲೆನಾಡಿನ ಅಗ್ರಹಾರವೊಂದರ ಕಥೆ, 'ಸಂಸ್ಕಾರ', ಅಲ್ಲೇ ಬರೆದದ್ದು. 1965ರಲ್ಲಿ ಪುಸ್ತಕವಾಯಿತು. ಅದನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾಕ್ಕೆ ಹೋಗಿ, ಕೊನೆಗೆ ಶಿಕಾಗೋದಲ್ಲೇ ಉಳಿದವರು. ವಚನಗಳನ್ನು ಜಗತ್ತಿಗೆ ಓದಿಸಿದ್ದು ಈ 'ವಾಪಸ್ ಬರದ' ಮನುಷ್ಯನೇ.

ಈಗ ನಮ್ಮ ಕಾಲಕ್ಕೆ ಬನ್ನಿ. ಇವತ್ತು ಹೋಗುವವರಿಗೆ ದಾರಿ ತೋರಿಸುವುದು ಸರ್ಕಾರವಲ್ಲ, ಬ್ಯಾಂಕು. ಸಾಮಾನ್ಯವಾಗಿ ಸಾಲ 7.5 ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ. ಅಪ್ಪ ಹೊಟ್ಟೆಬಟ್ಟೆ ಕಟ್ಟಿ ತೆಗೆದ ಸೈಟಿನ ಪತ್ರ ಬ್ಯಾಂಕಿಗೆ ಹೋಗುತ್ತದೆ. ತೀರಿಸಲು 15 ವರ್ಷದವರೆಗೆ ಸಮಯ. ಡಾಲರಿನಲ್ಲಿ ಖರ್ಚಾದ ಸಾಲವನ್ನು ಬೆಂಗಳೂರಿನ ಫ್ರೆಷರ್ ಸಂಬಳದಲ್ಲಿ ತೀರಿಸುವ ಲೆಕ್ಕ ಯಾವ ಎಕ್ಸೆಲ್ ಶೀಟಿನಲ್ಲೂ ಕೂರುವುದಿಲ್ಲ. ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ನಮ್ಮ ಕ್ಷೇತ್ರದವರಿಗೆ ಸಿಗುವ ಮೂರು ವರ್ಷವೇ ಇಡೀ ಮನೆಯ ಆಸರೆ. ಹಿಂದಿನ ಕರಾರು 'ಬಾ' ಅನ್ನುತ್ತಿತ್ತು. ಈಗಿನದು 'ಸಾಲ ತೀರೋವರೆಗೂ ಅಲ್ಲೇ ಇರು' ಅನ್ನುತ್ತದೆ. ಎರಡೂ ಕಡೆ ಸಹಿ ಹಾಕಿದ್ದು ಇಪ್ಪತ್ತು ಚಿಲ್ಲರೆ ವಯಸ್ಸಿನ ಮಕ್ಕಳೇ. ಅವರ ದೇಶಪ್ರೇಮವನ್ನು ಲಿಫ್ಟಿನಲ್ಲಿ ಅಳೆಯುವವರು ಆ ಸೈಟಿನ ಪತ್ರ ಎಲ್ಲಿದೆ ಅಂತ ಒಮ್ಮೆ ವಿಚಾರಿಸಲಿ.

ರಾಜೇಶ್ವರಿಯವರು 1953ರಲ್ಲಿ ಬಂದು ಸೇರಿದ್ದು ತಾವು ಓದಿದ್ದ ಇನ್‌ಸ್ಟಿಟ್ಯೂಟಿನಲ್ಲೇ, ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಇಂಜಿನಿಯರಿಂಗ್ ವಿಭಾಗಕ್ಕೆ. ಅಲ್ಲಿ ಹೆಣ್ಣು ಮೇಷ್ಟ್ರು ಅಂತ ಇದ್ದವರು ಅವರೊಬ್ಬರೇ. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಲ್ಯಾಬ್ ಕಟ್ಟಿದರು, ಆ್ಯಂಟೆನಾಗಳ ಮೇಲೆ ಕೆಲಸ ಮಾಡಿದರು, ಪಠ್ಯಪುಸ್ತಕ ಬರೆದರು, 20 ಜನರಿಗೆ ಪಿಎಚ್‌ಡಿ ಮಾಡಿಸಿದರು. 1982ರಲ್ಲಿ ನಿವೃತ್ತರಾದ ಮೇಲೆ ಹೆಣ್ಣುಮಕ್ಕಳ ಪರವಾದ ಕೆಲಸಗಳಲ್ಲಿ ತೊಡಗಿಕೊಂಡರು, ಅಜ್ಜಿಯ ಹಾಗೆ.