ಕನೆಕ್ಷನ್ ಹಿಡಿದು ಕೂತವರು ಯಾರು? ಡೇಟಾಬೇಸ್ ಪೂಲ್ ಬಗ್ಗೆ ಒಂದು ಟಿಪ್ಪಣಿ

ದಟ್ಟಣೆ ಏರಿದಾಗ ವೆಬ್ ಅಪ್ಲಿಕೇಶನ್‌ನ ಪುಟಗಳು ತೆರೆಯುವುದಿಲ್ಲ. ಕನೆಕ್ಷನ್ ಸಿಗಲಿಲ್ಲವೆಂಬ ದೂರು ಲಾಗ್ ತುಂಬ. ಡೇಟಾಬೇಸ್ ಸರ್ವರ್‌ನ ಸಿಪಿಯು ಮಾತ್ರ ಬಹುಪಾಲು ಬಿಡುವಾಗಿರುತ್ತದೆ; ನಿಧಾನ ಕ್ವೆರಿಗಳ ಲಾಗ್‌ನಲ್ಲೂ ಏನೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಹ ಸ್ಥಿತಿ. ಇಲ್ಲಿ ಪೂಜಾರಿ, ತೆರೆದ ಕನೆಕ್ಷನ್‌ಗಳನ್ನು ಕೂಡಿಟ್ಟು ಬೇಡಿದವರಿಗೆ ಹಂಚುವ ಕನೆಕ್ಷನ್ ಪೂಲ್. ಬಹಳ ಸಲ ಅವನ ತಪ್ಪೂ ಇರುವುದಿಲ್ಲ.

ಜಾವಾದವರು ಬಳಸುವ ಹಿಕಾರಿಸಿಪಿ ಎಂಬ ಪೂಲ್, ನಾವಾಗಿ ಬದಲಿಸದಿದ್ದರೆ, ಗರಿಷ್ಠ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ. 30 ಸೆಕೆಂಡ್ ಕಾದರೂ ಸಿಗದಿದ್ದರೆ ಎರರ್. ಹತ್ತನ್ನು ಐವತ್ತು ಮಾಡೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಮದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಇದು ದುಬಾರಿ. ಅಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಬೇರೆಯೇ ಪ್ರೋಸೆಸ್. ಬದಲಿಸದಿದ್ದರೆ ಒಟ್ಟು ಮಿತಿ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಹತ್ತರ ಪೂಲ್ ಇರುವ ಅಪ್ಲಿಕೇಶನ್ನಿನ ಹತ್ತು ಪ್ರತಿಗಳನ್ನು ಓಡಿಸಿದರೇ ಮಿತಿ ದಾಟುತ್ತದೆ.

ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಸರಾಸರಿ ಎಷ್ಟು ಕನೆಕ್ಷನ್ ಬಳಕೆಯಲ್ಲಿರುತ್ತವೆ ಎಂಬುದು, ಸೆಕೆಂಡಿಗೆ ಬರುವ ಕೋರಿಕೆಗಳನ್ನು ಒಂದೊಂದೂ ಕನೆಕ್ಷನ್ ಹಿಡಿದಿರುವ ಅವಧಿಯಿಂದ ಗುಣಿಸಿದಷ್ಟು. ಸೆಕೆಂಡಿಗೆ 200 ಕೋರಿಕೆ, ತಲಾ 20 ಮಿಲಿಸೆಕೆಂಡ್ ಎಂದುಕೊಳ್ಳಿ. ಸರಾಸರಿ 4 ಸಾಕು. ಈಗ ಯಾರೋ ಟ್ರಾನ್ಸಾಕ್ಷನ್ ತೆರೆದು, ಅದರ ನಡುವೆಯೇ ಪೇಮೆಂಟ್ ಗೇಟ್‌ವೇಯನ್ನು ಕರೆದು, ಉತ್ತರಕ್ಕೆ 800 ಮಿಲಿಸೆಕೆಂಡ್ ಕಾಯುವ ಕೋಡ್ ಸೇರಿಸಿದರು. ಲೆಕ್ಕ 164ಕ್ಕೆ ಹಾರಿತು. ಹತ್ತರ ಪೂಲ್ ಒಂದರಿಂದ ಸೆಕೆಂಡಿಗೆ 12 ಕೋರಿಕೆ ದಾಟಿಸುವುದೂ ಕಷ್ಟ. ಕ್ವೆರಿಗಳು ಮೊದಲಿನಷ್ಟೇ ಚುರುಕಾಗಿರುವುದರಿಂದ ಅವುಗಳ ಲಾಗ್ ಬಾಯಿ ಬಿಡದು. ಟ್ರಂಕ್ ಕಾಲ್ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾತಾಡದೆ ರಿಸೀವರ್ ಹಿಡಿದು ಕೂತವನೂ ಲೈನ್ ತಿನ್ನುತ್ತಾನೆ.

ಸಾಕ್ಷ್ಯ ಸಿಗುವುದು ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ಎಂಬ ವ್ಯೂನಲ್ಲಿ. ಅಲ್ಲಿ ‘ಐಡಲ್’ ಎಂದಿದ್ದರೆ ಚಿಂತೆಯಿಲ್ಲ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸಾಲುಗಳು ಹೆಚ್ಚಿದ್ದರೆ, ಟ್ರಾನ್ಸಾಕ್ಷನ್ ತೆರೆದಿಟ್ಟು ಅಪ್ಲಿಕೇಶನ್ ಬೇರೆಲ್ಲೋ ಕಾಯುತ್ತಿದೆ ಎಂದರ್ಥ. ಪಿಜಿಬೌನ್ಸರ್ ಎಂಬ ಮಧ್ಯವರ್ತಿ ಪೂಲರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ನಡುವೆ ಇಟ್ಟರೂ ಈ ರೋಗಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಅದು ಸರ್ವರ್ ಕನೆಕ್ಷನ್ನನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

ಹೊರಗಿನ ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಆಚೆ ತರುವುದೇ ಸರಿಯಾದ ದಾರಿ. ಆದರೆ ಹಣ ಕಡಿತವಾಗಿ ದಾಖಲೆ ಬರೆಯದೆ ಉಳಿಯುವ ಅಪಾಯವಿದೆ. ಹಾಗಾಗಿ ‘ಬಾಕಿ’ ಎಂದು ಮೊದಲೇ ಒಂದು ಸಾಲು ಬರೆದು ಕಮಿಟ್ ಮಾಡಿ, ಗೇಟ್‌ವೇ ಉತ್ತರ ಬಂದ ಮೇಲೆ ಇನ್ನೊಂದು ಪುಟ್ಟ ಟ್ರಾನ್ಸಾಕ್ಷನ್‌ನಲ್ಲಿ ಅದನ್ನು ತಿದ್ದಬೇಕು. ಉತ್ತರವೇ ಬಾರದ ಸಾಲುಗಳನ್ನು ಆಗಾಗ ತಾಳೆ ನೋಡಬೇಕು. 2016ರ ಪೋಸ್ಟ್‌ಗ್ರೆಸ್ 9.6ರಿಂದ, ಹೀಗೆ ಸುಮ್ಮನೆ ಕೂತ ಸೆಷನ್ನನ್ನು ಕಾಲಮಿತಿ ಹಾಕಿ ಕಡಿದುಹಾಕುವ ಸೌಲಭ್ಯವೂ ಇದೆ. ಈ ತಿದ್ದುಪಡಿ ಮಾಡುವ ಮೊದಲೇ ಅದನ್ನು ಆನ್ ಮಾಡಿದರೆ, ಗೇಟ್‌ವೇ ಕಾಲಮಿತಿ ಮೀರಿ ತಡಮಾಡಿದಾಗ ಗ್ರಾಹಕರ ದುಡ್ಡು ಹೋಗಿರುತ್ತದೆ, ಆರ್ಡರ್ ಇರುವುದಿಲ್ಲ.