ಹಾಲಾಹಲದ ಭಾಷೆ ಯಾವುದು?

ಯಲಹಂಕದಲ್ಲಿ ನಮ್ಮ ಮನೆ ಹತ್ತಿರ ಒಂದು ಪುಟ್ಟ ವಾಚನಾಲಯವಿದೆ. ಕಳೆದ ತಿಂಗಳು ಅಲ್ಲಿಗೆ ಒಂದಷ್ಟು ಪುಸ್ತಕ ಕೊಡಲು ಹೋಗಿದ್ದೆ. ಅಲ್ಲಿನವರು ದೊಡ್ಡ ರಿಜಿಸ್ಟರ್ ತೆಗೆದು ಹೆಸರು, ಲೇಖಕ, ಭಾಷೆ, ಬೆಲೆ ಎಂದು ತುಂಬುತ್ತ ಬಂದರು. 'ಲೆಜೆಂಡ್ಸ್ ಆಫ್ ಹಾಲಾಹಲ' ಕೈಗೆ ಬಂದಾಗ ಪೆನ್ನು ನಿಂತಿತು. ಪುಟ ತಿರುವಿದರು, ಎಲ್ಲಿ ನೋಡಿದರೂ ಚಿತ್ರ, ಮಾತೇ ಇಲ್ಲ. ಕೊನೆಗೆ ರಕ್ಷಾಪುಟ ನೋಡಿ ಭಾಷೆಯ ಕಾಲಂನಲ್ಲಿ 'ಇಂಗ್ಲಿಷ್' ಎಂದು ಬರೆದು, ಪುಸ್ತಕವನ್ನು ಮಕ್ಕಳ ಕಪಾಟಿನಲ್ಲಿಟ್ಟರು. ಎರಡೂ ಸರಿಯಲ್ಲ ಅನ್ನಿಸಿತು. ಆದರೆ ಸರಿ ಯಾವುದು ಎಂದು ಆ ಕ್ಷಣಕ್ಕೆ ನನಗೂ ತೋಚಲಿಲ್ಲ.

ಆ ಪುಸ್ತಕದ ಕರ್ತೃ ಜಾರ್ಜ್ ಮಾತನ್. ಕಾಮಿಕ್ಸ್ ಲೋಕಕ್ಕೆ ಅವರು 'ಅಪ್ಪುಪೆನ್'. ಮಲಯಾಳದಲ್ಲಿ ಆ ಪದಕ್ಕೆ ಅಜ್ಜ ಎಂದರ್ಥ. ಕೇರಳ ಮೂಲದ ಈ 'ಅಜ್ಜ'ನ ಬಹುಪಾಲು ಕೆಲಸ ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಹಾಗಿದ್ದೂ ಕನ್ನಡದ ಸಾಹಿತ್ಯ ಚರ್ಚೆಗಳಲ್ಲಿ ಅವರ ಹೆಸರನ್ನು ನಾನು ಕೇಳಿದ್ದು ತೀರಾ ಕಡಿಮೆ.

ಚಿತ್ರದಲ್ಲಿ ಕಥೆ ಹೇಳುವುದು ಈ ನೆಲಕ್ಕೆ ಹೊಸದೇನಲ್ಲ. ಯಲಹಂಕದಿಂದ ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದರೆ ಕಿತ್ತಯ್ಯನ ವೀರಗಲ್ಲು ಸಿಗುತ್ತದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಊರಿಗಾಗಿ ಹೋರಾಡಿ ಸತ್ತವನ ಚಿತ್ರ ಮತ್ತು ಅವನ ಕಥೆಯ ಅಕ್ಷರ ಎರಡೂ ಒಂದೇ ಕಲ್ಲಿನ ಮೇಲಿವೆ. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಅಮೃತಾಪುರದ ಹೊಯ್ಸಳ ದೇಗುಲದಲ್ಲಿ ರಾಮಾಯಣವೊಂದಕ್ಕೇ 70 ಫಲಕಗಳಿವೆ. ಅಕ್ಷರ ಬಾರದವರೂ ಅವನ್ನು ಓದಿದ್ದಾರೆ.

ಅಚ್ಚಿನ ಕಾಲದಲ್ಲೂ ಬೆಂಗಳೂರಿಗೆ ಒಂದು ಪಾಲಿದೆ. ಅನಂತ ಪೈ ಅವರ 'ಅಮರ ಚಿತ್ರ ಕಥೆ' ಎಲ್ಲರಿಗೂ ಗೊತ್ತು. ಅವರು ಹುಟ್ಟಿದ್ದು ಕಾರ್ಕಳದಲ್ಲಿ ಎಂಬುದೂ ಗೊತ್ತು. ಅದಕ್ಕೂ ಮೊದಲು, 1965ರ ಸುಮಾರಿಗೆ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸ್‌ನವರನ್ನು ಒಪ್ಪಿಸಿ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತಂದಿದ್ದರು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಆಮೇಲೆ ನಮ್ಮ ತಲೆಮಾರಿಗೆ ಬಾಲಮಂಗಳದ ಡಿಂಗ ಬಂದ. ಆದರೆ ಇವೆಲ್ಲ ಮಕ್ಕಳ ಓದಾಗಿಯೇ ಉಳಿದವು. ಹೈಸ್ಕೂಲು ಮುಗಿಯುತ್ತಲೇ ಕಾಮಿಕ್ಸ್ ಅಟ್ಟ ಸೇರುತ್ತಿತ್ತು.

ದೊಡ್ಡವರ ಕಾಮಿಕ್ಸ್ ಬೇರೆಡೆ ಬೆಳೆಯುತ್ತಿತ್ತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಕ್ರಂಬ್ 'ಜ್ಯಾಪ್' ತಂದು, ದೊಡ್ಡ ಕಂಪನಿಗಳ ಹಂಗಿಲ್ಲದೆ ಬರೆಯಬಹುದೆಂದು ತೋರಿಸಿದರು. ಭಾರತದಲ್ಲಿ 1994ರಲ್ಲಿ ಓರಿಜಿತ್ ಸೇನ್ ನರ್ಮದಾ ಚಳವಳಿಯನ್ನು 'ರಿವರ್ ಆಫ್ ಸ್ಟೋರೀಸ್' ಆಗಿ ಚಿತ್ರಿಸಿದರು. ಅಪ್ಪುಪೆನ್ ಈ ಸಾಲಿನವರು. ಅವರ ಮೊದಲ ಪುಸ್ತಕ 'ಮೂನ್‌ವರ್ಡ್' 2009ರಲ್ಲಿ ಚೆನ್ನೈನ ಬ್ಲಾಫ್ಟ್ ಎಂಬ ಸಣ್ಣ ಪ್ರಕಾಶನದಿಂದ ಬಂತು. ಅಲ್ಲಿಂದ ಅವರು ಕಟ್ಟುತ್ತ ಬಂದ ಲೋಕದ ಹೆಸರು ಹಾಲಾಹಲ. 2013ರ 'ಲೆಜೆಂಡ್ಸ್ ಆಫ್ ಹಾಲಾಹಲ'ದಲ್ಲಿ ಐದು ಪ್ರೇಮಕಥೆಗಳಿವೆ, ಐದೂ ಮೂಕ. ಮರುವರ್ಷ 'ಆಸ್ಪೈರಸ್' ಬಂತು. 2018ರ 'ದ ಸ್ನೇಕ್ ಆ್ಯಂಡ್ ದ ಲೋಟಸ್'ನಲ್ಲಿ ಅಳಿದುಳಿದ ಮನುಷ್ಯರು ಒಂದು ಬಿಳಿ ನಗರದಲ್ಲಿ ಯಂತ್ರದೇವತೆಗಳನ್ನು ನಂಬಿ, ಕಮಲದ ಹಾಲಿಗೆ ದಾಸರಾಗಿ ಬದುಕುತ್ತಾರೆ. ಹಾಲೇ ಹಾಲಾಹಲವಾಗುವ ಈ ಚಿತ್ರ ಕನ್ನಡದ ಕಿವಿಗೆ ಎಷ್ಟು ಬೇಗ ನಿಲುಕುತ್ತದೆ ನೋಡಿ.

ಅವರ ಕೆಲಸ ಪುಸ್ತಕಕ್ಕೆ ಮುಗಿಯುವುದಿಲ್ಲ. 'ಲೌಂಜ್ ಪಿರಾನಾ' ಎಂಬ ಬೆಂಗಳೂರಿನ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸಿದರು. ಅತಿರೇಕದ ದೇಶಭಕ್ತಿಯನ್ನು ಲೇವಡಿ ಮಾಡುವ 'ರಾಷ್ಟ್ರಮ್ಯಾನ್' ಎಂಬ ಸೂಪರ್‌ಹೀರೋನನ್ನು ಅಂತರ್ಜಾಲದಲ್ಲಿ ಬಿಟ್ಟರು. ಅಲ್ಲಿ ಸಂಪಾದಕರ ಅಪ್ಪಣೆಗೆ ಕಾಯಬೇಕಿಲ್ಲ, ಬೈಗುಳಕ್ಕೆ ಅಡ್ಡ ನಿಲ್ಲುವವರೂ ಇಲ್ಲ. ಲೊರಾಂ ದೋದೆ ಎಂಬ ಫ್ರೆಂಚ್ ಭೌತವಿಜ್ಞಾನಿಯ ಜೊತೆ ಸೇರಿ ಕೃತಕ ಬುದ್ಧಿಮತ್ತೆಯ ಬಗ್ಗೆ 'ಡ್ರೀಮ್ ಮಷೀನ್' ಮಾಡಿದರು. ಅದರ ಇಂಗ್ಲಿಷ್ ಆವೃತ್ತಿ 2024ರಲ್ಲಿ ಇಲ್ಲಿ ಪ್ರಕಟವಾಯಿತು. ಮೂಕ ಪುಸ್ತಕಗಳ ಕಲಾವಿದ ಇಲ್ಲಿ ಮಾತಿನ ರಾಶಿಯನ್ನೇ ಹಾಕಿದ್ದಾರೆ. ಮಾತನ್ನು ಉತ್ಪಾದಿಸುವ ಯಂತ್ರದ ಕಥೆ ಹೇಳುವಾಗ ಅದು ಸಹಜವೇ.

ಇಷ್ಟು ಬೇರೆಬೇರೆ ಕೆಲಸಗಳನ್ನು ಒಂದು ದಾರದಲ್ಲಿ ಪೋಣಿಸುವುದು ಏನು ಎಂದು ನಾನು ಬಹಳ ದಿನ ಯೋಚಿಸಿದ್ದೆ. ಉತ್ತರ ಕೊಟ್ಟವರು ನನ್ನ ಅಮ್ಮ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಓದು ಬಾರದು. ವಾಚನಾಲಯಕ್ಕೆ ಕೊಡುವ ಮುನ್ನ ಆ ಪುಸ್ತಕ ಎರಡು ದಿನ ಮನೆಯ ದಿವಾನದ ಮೇಲಿತ್ತು. ಮಧ್ಯಾಹ್ನ ಅವರೆಕಾಯಿ ಸುಲಿದು ಮುಗಿಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು ಕೂತರು. ಒಂದು ಗಂಟೆ ಸದ್ದಿಲ್ಲ. ಮುಖಪುಟದ ಹೆಸರೇನು ಎಂದು ಕೇಳಿದರು, ಹೇಳಿದೆ.

"ಅಲ್ಲ ಕಣೋ, ಹಾಲಾಹಲ ಅಂತಾನೆ. ಅದನ್ನ ಕುಡಿಯೋ ಶಿವ ಇದರಲ್ಲಿ ಎಲ್ಲಿದಾನೆ?"

ನಾನು ಓದಿದ ಯಾವ ವಿಮರ್ಶೆಯಲ್ಲೂ ಆ ಪ್ರಶ್ನೆ ಇರಲಿಲ್ಲ. ಸಮುದ್ರಮಥನದಲ್ಲಿ ವಿಷ ಎದ್ದಾಗ ಗಂಟಲಲ್ಲಿ ತಡೆದುಕೊಳ್ಳಲು ಒಬ್ಬನಿದ್ದ. ಅಪ್ಪುಪೆನ್ ಲೋಕದಲ್ಲಿ ಕಡೆಯುವವರು ನಿಲ್ಲಿಸುತ್ತಿಲ್ಲ, ವಿಷ ಉಕ್ಕುತ್ತಲೇ ಇದೆ, ತಡೆಯುವವನು ಬಂದಿಲ್ಲ. ಬರುವುದು ರಾಷ್ಟ್ರಮ್ಯಾನ್‌ನಂಥ ಸೋಗಿನ ವೀರ. ಹೆಬ್ಬಾಳದ ಕಿತ್ತಯ್ಯ ಸತ್ತು ಕಲ್ಲಾದ. ಇವನು ಏನೂ ಕಳೆದುಕೊಳ್ಳದೆ ವೀರನಾಗುತ್ತಾನೆ. ಬಯಕೆ, ಭಕ್ತಿ, ಯಂತ್ರ, ಯಾವುದರ ಬಗ್ಗೆ ಚಿತ್ರಿಸಿದರೂ ಅವರು ತೋರಿಸುತ್ತಿರುವುದು ಈ ಖಾಲಿ ಜಾಗವನ್ನೇ.

ಯಲಹಂಕ ಉಪನಗರದ ಚಹಾ ಅಂಗಡಿಗಳ ಮುಂದೆ ಸ್ಕೆಚ್‌ಬುಕ್ ಹಿಡಿದ ಹುಡುಗ ಹುಡುಗಿಯರು ಕಾಣುತ್ತಾರೆ. ಅವರಲ್ಲಿ ಕನ್ನಡದ ಮಕ್ಕಳೂ ಇದ್ದಾರೆ. ನಾಳೆ ಅವರೊಬ್ಬರು ಮಾತಿಲ್ಲದ ಪುಸ್ತಕ ತಂದರೆ, ಅದನ್ನು ಕನ್ನಡದ್ದೆಂದು ಎತ್ತಿಕೊಳ್ಳುವವರು ಯಾರು? ಯಾವ ಪ್ರಕಾಶಕರು ಅಚ್ಚು ಹಾಕುತ್ತಾರೆ, ಯಾವ ಪತ್ರಿಕೆ ವಿಮರ್ಶೆ ಬರೆಯುತ್ತದೆ? ಪುಸ್ತಕದ ಭಾಷೆಯನ್ನು ರಕ್ಷಾಪುಟ ನೋಡಿ ತೀರ್ಮಾನಿಸಿದರೆ ಅಂಥ ಪುಸ್ತಕ ನಮ್ಮ ಕೈ ತಪ್ಪುತ್ತದೆ. ಅಮ್ಮ ಅದನ್ನು ಓದಿದ್ದು ಕನ್ನಡದಲ್ಲಿ. ಪ್ರಶ್ನೆ ಹುಟ್ಟಿದ್ದೂ ಕನ್ನಡದಲ್ಲೇ.

ಮೊನ್ನೆ ಮತ್ತೆ ವಾಚನಾಲಯಕ್ಕೆ ಹೋಗಿ ವಿಷಯ ಹೇಳಿದೆ. ಅವರು ನಕ್ಕು, ಪುಸ್ತಕವನ್ನು ಮಕ್ಕಳ ಕಪಾಟಿನಿಂದ ತೆಗೆದು ಕಥೆ-ಕಾದಂಬರಿಗಳ ಸಾಲಿಗೆ ಇಟ್ಟರು. ರಿಜಿಸ್ಟರಿನಲ್ಲಿ 'ಇಂಗ್ಲಿಷ್' ಹೊಡೆದು ಹಾಕಿ, ಪೆನ್ನು ನನ್ನ ಕೈಗಿತ್ತು, "ನೀವೇ ಬರೀರಿ ಸಾರ್" ಎಂದರು. 'ಓದುಗರ ಭಾಷೆ' ಎಂದು ಬರೆದು ಬಂದೆ.